ಮರ್ಡೊ ಕೈ ಹಾಕಿದ ಸೈಕಲ್ಲು

ಅಣ್ಣನ ಸೈಕಲ್ಲನ್ನು ಬಿಚ್ಚುವ ಮೊದಲು ನಾನು ಅದರ ಫೋಟೋ ತೆಗೆದೆ. ಒಂದೆರಡಲ್ಲ, ನಲವತ್ತು. ಎಡದಿಂದ, ಬಲದಿಂದ, ಅಡಿಯಿಂದ, ಒಂದೊಂದು ಬೋಲ್ಟಿನ ತಲೆಯನ್ನೂ ಮೂಗು ತಾಗುವಷ್ಟು ಹತ್ತಿರದಿಂದ. ಹಳೇ ಸೈಕಲ್ಲು ಬಿಚ್ಚುವವರೆಲ್ಲ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ, ಮತ್ತೆ ಜೋಡಿಸುವಾಗ ಯಾವುದು ಎಲ್ಲಿಗೆ ಅಂತ ತಲೆ ಕೆರೆದುಕೊಳ್ಳಬಾರದಲ್ಲ. ನಾನು ತೆಗೆದದ್ದು ಅದಕ್ಕಲ್ಲ. ಈ ಸೈಕಲ್ಲಿಗೆ ಯಾರೋ ಕೈ ಹಾಕಿದ್ದರು, ಅದರ ಗುರುತು ನನಗೆ ಬೇಕಾಗಿತ್ತು. ಯಾರೋ ಏನು ಬಂತು, ಹೆಸರೂ ಗೊತ್ತಿತ್ತು. ಮರ್ಡೊ ಗಿಲೀಸ್, ಅಣ್ಣನ ಜೊತೆ ಪಂದ್ಯಗಳಲ್ಲಿ ಓಡಿಸುತ್ತಿದ್ದವನು.

ಇಪ್ಪತ್ತೈದು ವರ್ಷದ ಹಿಂದೆ, ಸೆಪ್ಟೆಂಬರಿನ ಒಂದು ಶನಿವಾರ, ನನ್ನ ಅಣ್ಣ ಲಾಕ್ಲನ್ ಇದೇ ಸೈಕಲ್ಲಿನಲ್ಲಿ ಕೋರಿ ಬಾನ್ ಬೆಟ್ಟ ಇಳಿಯುತ್ತ ಕರಿಬಂಡೆಯ ಮೇಲೆ ಬಿದ್ದು ಸತ್ತ. ಬೆಟ್ಟ ಇಳಿಯುವ ಪಂದ್ಯ ಇನ್ನೂ ಶುರುವಾಗಿರಲಿಲ್ಲ, ಬೆಳಗಿನ ಅಭ್ಯಾಸದ ಮೊದಲ ಇಳಿತ. ಅವನಿಗೆ ಇಪ್ಪತ್ತಾರು, ನನಗೆ ಹತ್ತೊಂಬತ್ತು. ಆ ವರ್ಷ ಅವನು ಫ್ರಾನ್ಸಿನ ಒಂದು ತಂಡಕ್ಕೆ ಓಡಿಸುತ್ತಿದ್ದ. ನಮ್ಮ ಲೊಕಾಬರ್ ಸೀಮೆಯಿಂದ ಹಾಗೆ ಹೊರಗೆ ಹೋದವನು ಅವನೇ ಮೊದಲು. ಪೊಲೀಸರು ಸೈಕಲ್ಲನ್ನು ತಿರುಗಿಸಿ ನೋಡಿ, ಬ್ರೇಕು ಹಿಡಿಯುತ್ತಿದೆ, ಚಕ್ರ ಭದ್ರವಾಗಿದೆ, ಸವಾರನ ತಪ್ಪು ಅಂತ ಬರೆದು ವಾಪಸ್ ಕೊಟ್ಟರು. ಕರಿಬಂಡೆಯಲ್ಲಿ ಲಾಕ್ಲನ್ ತಪ್ಪು ಮಾಡಿದ ಅಂದರೆ ನಂಬುವವರು ನಮ್ಮೂರಲ್ಲಿ ಒಬ್ಬರೂ ಇರಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಅವನು ಇಳಿದ ಬಂಡೆ ಅದು.

ಮರ್ಡೊ ಕೊಂದ ಅಂತ ನಾನು ಯಾರ ಮುಂದೆಯೂ ಹೇಳಿದವನಲ್ಲ. ಮೂರು ಸಂಗತಿ ಮಾತ್ರ ಹೇಳುತ್ತಿದ್ದೆ, ಯಾವಾಗಲೂ ಒಂದೇ ಕ್ರಮದಲ್ಲಿ. ಆ ಬೆಳಗ್ಗೆ ಸೈಕಲ್ಲು ಬೆಟ್ಟಕ್ಕೆ ಹೋದದ್ದು ಮರ್ಡೊನ ವ್ಯಾನಿನಲ್ಲಿ, ಒಂದು ಗಂಟೆ ಹೊತ್ತು ಅದರ ಜೊತೆ ಅವನೊಬ್ಬನೇ ಇದ್ದ. ಅಣ್ಣ ಬಿದ್ದಾಗ ಬೆನ್ನಿಗೇ ಇದ್ದವನೂ ಅವನೇ, ಬೇರೆ ಯಾರೂ ನೋಡಿಲ್ಲ. ಮುಂದಿನ ವರ್ಷ ಫ್ರೆಂಚ್ ತಂಡದಲ್ಲಿ ಅಣ್ಣನ ಜಾಗಕ್ಕೆ ಹೋದವನೂ ಅವನೇ. ಇಷ್ಟು ಹೇಳಿ ನಾನು ಬಿಯರಿನ ಲೋಟ ಎತ್ತುತ್ತಿದ್ದೆ. ಉಳಿದದ್ದನ್ನು ಊರು ತಾನಾಗಿಯೇ ಕೂಡಿಸಿಕೊಂಡಿತು.

ಮರ್ಡೊ ಫ್ರಾನ್ಸಿನಲ್ಲಿ ಒಂದೇ ವರ್ಷ ಇದ್ದು ವಾಪಸ್ ಬಂದು ಮರ ಕೊಯ್ಯುವ ಮಿಲ್ಲಿಗೆ ಸೇರಿಕೊಂಡ. ಪಬ್ಬಿನಲ್ಲಿ ಅವನು ಕೂತ ಮೇಜಿಗೆ ಇನ್ನೊಬ್ಬ ಬರುತ್ತಿರಲಿಲ್ಲ; ಕೊನೆಗೆ ಅವನೇ ಬರುವುದು ಬಿಟ್ಟ. ಒಂದು ಸಲ ಜಡಿಮಳೆಯಲ್ಲಿ ಪಂಕ್ಚರ್ ಆದ ಸೈಕಲ್ಲನ್ನು ತಳ್ಳಿಕೊಂಡು ನನ್ನ ರಿಪೇರಿ ಶೆಡ್ಡಿನ ತನಕ ಬಂದಿದ್ದ. ನಾನು ಗಾಜಿನ ಬಾಗಿಲ ಹಿಂದೆ ನಿಂತು, ಅವನ ಮುಖ ನೋಡುತ್ತಲೇ, 'ಮುಚ್ಚಿದೆ' ಅನ್ನುವ ಫಲಕ ತಿರುಗಿಸಿದೆ. ಅವತ್ತಿನ ಊಟ ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ.

ಸೈಕಲ್ಲು ಅಷ್ಟೂ ವರ್ಷ ಅಮ್ಮನ ಮನೆಯ ಕೊಟ್ಟಿಗೆಯಲ್ಲಿ ಟಾರ್ಪಾಲಿನಡಿ ಇತ್ತು. ಈ ವರ್ಷ ಬೆಟ್ಟದ ಕ್ಲಬ್ಬಿನವರು ಬಂದು, ಸೆಪ್ಟೆಂಬರಿನ ಪಂದ್ಯಕ್ಕೆ ಮುಂಚೆ ಲಾಕ್ಲನ್‌ನ ನೆನಪಿಗೆ ಅವನ ಸೈಕಲ್ಲು ಒಂದು ಸಲ ಬೆಟ್ಟ ಇಳಿಯಲಿ, ಊನಾ ಓಡಿಸಲಿ, ಅಂದರು. ಊನಾ ಅಣ್ಣನ ಮಗಳು, ಅವನು ಸತ್ತ ಐದು ತಿಂಗಳಿಗೆ ಹುಟ್ಟಿದವಳು. ತಾಯಿ ಇನ್ವರ್ನೆಸ್ಸಿನಲ್ಲಿ ಬೇರೆ ಮದುವೆಯಾದ ಮೇಲೆ, ರಜೆಗೆ ಅಂತ ನಮ್ಮಲ್ಲಿಗೆ ಬಂದವಳು ವಾಪಸ್ ಹೋಗಲೇ ಇಲ್ಲ. ನಾನು ಮದುವೆಯಾಗಲಿಲ್ಲ. ಅವಳಿಗೆ ಸೈಕಲ್ಲು ಕಲಿಸಿದ್ದು, ಸ್ಕೂಲಿಗೆ ಬಿಟ್ಟದ್ದು, ಮೊದಲ ಸಲ ಕೈ ಮುರಿದುಕೊಂಡಾಗ ಆಸ್ಪತ್ರೆಯಲ್ಲಿ ಕೂತದ್ದು ಎಲ್ಲ ನಾನೇ. ಬದುಕಿನಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅಂತ ಒಂದಿದ್ದರೆ ಅದು ಊನಾ.

ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದ ದಿನ ಅವಳು ಶೆಡ್ಡಿಗೆ ಬಂದು ಹಿಂದಿನ ಚಕ್ರ ಎತ್ತಿ ನೋಡಿದಳು.

"ಇದೇನ್ ಚಿಕ್ಕಪ್ಪ, ಈ ಪಾಟಿ ಭಾರ. ಅಪ್ಪ ಇದನ್ನ ಓಡಿಸ್ತಿದ್ನಾ, ಇಲ್ಲ ಇದೇ ಅವನನ್ನ ಎಳ್ಕೊಂಡ್ ಹೋಗ್ತಿತ್ತಾ?"

"ಆಗಿನವು ಎಲ್ಲ ಹೀಗೇ. ಈಗ ನೀವು ಓಡಿಸೋದು ಸೈಕಲ್ಲಲ್ಲ, ಕಡ್ಡಿ."

"ಸೆಪ್ಟೆಂಬರ್ ಹೊತ್ತಿಗೆ ಆಗುತ್ತಾ?"

"ಕೆಲಸ ಆಗುತ್ತೆ. ಆದ್ರೆ ಮರ್ಡೊ ಇದಕ್ಕೆ ಏನ್ ಮಾಡಿದ್ದ ಅಂತ ಮೊದ್ಲು ಹುಡುಕ್ತೀನಿ. ಅದು ಸಿಗೋ ತನಕ ನೀನು ಇದರ ಮೇಲೆ ಕೂರೋ ಹಾಗಿಲ್ಲ."

"ಏನೂ ಸಿಗದೇ ಇದ್ರೆ?"

"ಸಿಗುತ್ತೆ."

ಅವಳು ಚಕ್ರ ಕೆಳಗಿಳಿಸಿ ಕೈ ಒರೆಸಿಕೊಂಡಳು. "ಸರಿ. ಏನೇ ಸಿಗಲಿ, ಮೊದ್ಲು ನನಗೆ ಹೇಳ್ಬೇಕು. ಪಬ್ಬಲ್ಲಿ ಹೇಳೋಕೆ ಮುಂಚೆ. ಹುಟ್ಟಿದಾಗಿಂದ ಅವರ ಬಾಯಲ್ಲೊಂದು ಇವರ ಬಾಯಲ್ಲೊಂದು ಕೇಳಿ ಸಾಕಾಗಿದೆ. ನಮ್ಮಪ್ಪ ಹೇಗೆ ಸತ್ತ ಅಂತ ನನಗೆ ಸರಿಯಾಗಿ ಗೊತ್ತಾಗ್ಬೇಕು, ಅಷ್ಟೆ."

"ಹೇಳ್ತೀನಿ."

"ಮಾತು ಕೊಡು."

"ಕೊಟ್ಟೆ ಮಾರಾಯ್ತಿ, ಕೊಟ್ಟೆ."

ಬಿಚ್ಚೋದಕ್ಕೇ ಮೂರು ವಾರ ಹಿಡಿಯಿತು. ಚೌಕಟ್ಟಿನ ಸಂದಿಯಲ್ಲಿ ಆ ಸೆಪ್ಟೆಂಬರಿನ ಕೆಸರು ಹಾಗೇ ಒಣಗಿ ಕೂತಿತ್ತು. ಹಿಂದಿನ ಚಕ್ರವನ್ನು ಹೊರುವ ತೋಳಿನ ದೊಡ್ಡ ಬೋಲ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಮೂರು ದಿನ ಎಣ್ಣೆ ಕುಡಿಸಿ, ಬಿಸಿ ಗಾಳಿ ಹಾಯಿಸಿ, ಸ್ಪ್ಯಾನರಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಇಡೀ ಮೈಭಾರ ಹಾಕಿದ ಮೇಲೆ ಲಟ್ ಅಂತ ಬಿಟ್ಟುಕೊಂಡಿತು. ಬೇರಿಂಗುಗಳು ಕೈಯಲ್ಲೇ ಪುಡಿಯಾದವು. ಮುಂದಿನ ಚಕ್ರ ಹಿಡಿದ ಫೋರ್ಕಿನಿಂದ ಸುರಿದ ಎಣ್ಣೆ ಕೊಳೆತ ಮೀನಿನ ನಾತ ಹೊಡೆಯುತ್ತಿತ್ತು. ಬೇರೆ ಸೈಕಲ್ಲಾಗಿದ್ದರೆ ಈ ಕೆಲಸ ನನಗೆ ಖುಷಿ ಕೊಡುತ್ತಿತ್ತು. ಇಲ್ಲಿ ಮಾತ್ರ ಒಂದೊಂದು ಭಾಗ ಬಿಚ್ಚುವಾಗಲೂ ನಾನು ದೋಷ ಸಿಗಲಿ ಅಂತ ಬೇಡಿಕೊಳ್ಳುತ್ತಿದ್ದೆ.

ಸಿಗಲಿಲ್ಲ. ಮುಂದಿನ ಚಕ್ರದ ಅಚ್ಚು ಗಟ್ಟಿಯಾಗಿತ್ತು. ಹ್ಯಾಂಡಲ್ಲಿನ ನಾಲ್ಕೂ ಬೋಲ್ಟು ಗಟ್ಟಿಯಾಗಿದ್ದವು. ಬೆಸುಗೆಗಳನ್ನು ತೊಳೆದು ಕೆಂಪು ಬಣ್ಣ ಬಳಿದು ಒರೆಸಿ ನೋಡಿದೆ. ಬಿರುಕಿದ್ದರೆ ಬಣ್ಣ ಅದರೊಳಗೆ ಇಳಿದು ಗೆರೆ ಕಾಣಿಸುತ್ತದೆ. ಒಂದು ಗೆರೆಯೂ ಇಲ್ಲ. ಎಲ್ಲ ಸರಿಯಾಗಿದ್ದಷ್ಟೂ ನನ್ನ ಸಿಟ್ಟು ಏರುತ್ತಿತ್ತು. ಅಣ್ಣನ ಸೈಕಲ್ಲು ಸುಸ್ಥಿತಿಯಲ್ಲಿದೆ ಅಂತ ನಾನು ಬೇಜಾರು ಮಾಡಿಕೊಂಡೆ, ನೋಡಿ.

ಕೊನೆಗೆ ಮುಂದಿನ ಬ್ರೇಕಿಗೆ ಬಂದೆ. ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರು ಎರಡು ಬೋಲ್ಟಿನ ಮೇಲೆ ಕೂತಿರುತ್ತದೆ. ಒಂದು ಬೋಲ್ಟು ಕಪ್ಪು, ಇನ್ನೊಂದು ಬೆಳ್ಳಿ ಬಣ್ಣ. ಸ್ಪ್ಯಾನರು ಕೆಳಗಿಟ್ಟೆ. ಯಾಕೆಂದರೆ ಆ ಬ್ರೇಕುಗಳನ್ನು ಕೂರಿಸಿದ್ದು ನಾನೇ, ಹಿಂದಿನ ದಿನ, ಶುಕ್ರವಾರ ಸಂಜೆ. ಅಣ್ಣನ ಹಳೇ ಬ್ರೇಕಿನ ಪೈಪಿನ ಸಂದಿಯಿಂದ ಎಣ್ಣೆ ಸೋರುತ್ತಿತ್ತು; ಫ್ರಾನ್ಸಿನಿಂದ ಎರಡು ದಿನ ತಂಡದ ವ್ಯಾನಿನಲ್ಲಿ ಬಂದು ಅವನು ಸತ್ತವನ ಹಾಗೆ ಮಲಗಿದ್ದಾಗ, ನಾನು ಕೆಲಸ ಮಾಡುತ್ತಿದ್ದ ಅಂಗಡಿಯಿಂದ ಹೊಸ ಜೋಡಿ ತಂದು ಹಾಕಿದ್ದೆ. ಪೆಟ್ಟಿಗೆಯಲ್ಲಿ ಬಂದ ಬೋಲ್ಟುಗಳು ನಾಲ್ಕೂ ಕಪ್ಪು. ನನಗೆ ಚೆನ್ನಾಗಿ ನೆನಪಿದೆ. ಅಂದರೆ ನಾನು ಬಿಗಿದ ಮೇಲೆ, ಅಣ್ಣ ಹತ್ತುವ ಮೊದಲು, ಯಾರೋ ಒಂದನ್ನು ಬಿಚ್ಚಿದ್ದರು. ಸಿಕ್ಕಿಬಿದ್ದೆಯಲ್ಲೋ ಮರ್ಡೊ, ಅಂತ ಜೋರಾಗಿಯೇ ಅಂದೆ.

ಆದರೂ ಊನಾಗೆ ಹೇಳಲಿಲ್ಲ. ಒಂದು ಬೋಲ್ಟು ಹಿಡಿದುಕೊಂಡು ಹೋಗಿ ಹೇಳುವ ಮಾತಲ್ಲ ಅದು, ಇನ್ನೂ ಏನಾದರೂ ಸಿಗಲಿ ಅಂತ ತಡೆದೆ. ಅಷ್ಟರಲ್ಲಿ ಆ ಬ್ರೇಕಿನ ಒಳಗಿನ ರಬ್ಬರ್ ಸೀಲುಗಳು ಕರಗಿ ಅಂಟಾಗಿದ್ದು ಕಂಡಿತು. ತಯಾರಿಸಿದವರು ಅಂಗಡಿ ಮುಚ್ಚಿ ಹದಿನೈದು ವರ್ಷವಾಗಿದೆ. ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ, ಎಲ್ಲೂ ಇಲ್ಲ.

ಮರುವಾರ ಬೆಳಗ್ಗೆ ಮರ್ಡೊ ಶೆಡ್ಡಿನ ಬಾಗಿಲಿಗೆ ಬಂದ. ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ. ತಲೆ ಪೂರ್ತಿ ನರೆತಿತ್ತು. ಇಷ್ಟು ವರ್ಷದಲ್ಲಿ ಅವನನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

"ಒಳಗೆ ಬರ್ಬಹುದಾ?"

"ಅಲ್ಲೇ ನಿಂತ್ಕೊಂಡು ಹೇಳು."

"ಬ್ರೇಕಿನ ಸೀಲು ಹುಡುಕ್ತಾ ಇದೀಯ ಅಂತ ಕೇಳ್ದೆ."

"ಯಾರಪ್ಪ ನಿನಗೆ ಹೇಳಿದ್ದು?"

"ಊರಲ್ಲಿ ನನ್ನ ಜೊತೆ ಮಾತಾಡೋರು ಕಮ್ಮಿ. ಇಲ್ಲವೇ ಇಲ್ಲ ಅಂತೇನಿಲ್ಲ." ಪೆಟ್ಟಿಗೆಯನ್ನು ಹೊಸ್ತಿಲ ಒಳಗೆ ಇಟ್ಟ. "ಇದು ಲಾಕ್ಲನ್ ಹಳೇ ಬ್ರೇಕು. ಅವತ್ತು ನೀನು ಬಿಚ್ಚಿ, ಸೈಕಲ್ಲು ಏರಿಸುವಾಗ ನನ್ನ ವ್ಯಾನಿಗೆ ಎಸೆದಿದ್ದೆಯಲ್ಲ, ಅದೇ. ಎರಡೂ ಒಂದೇ ಕಂಪನೀದು. ಒಳಗಿನ ಸೀಲು ಇನ್ನೂ ಮೆತ್ತಗಿದ್ರೂ ಇರ್ಬಹುದು."

"ಇಪ್ಪತ್ತೈದು ವರ್ಷ ಇಟ್ಕೊಂಡಿದ್ದೆ ಅನ್ನು."

"ಹೂಂ."

"ಯಾಕೆ?"

"ಎಸೆಯೋಕೆ ಮನಸ್ಸು ಬರ್ಲಿಲ್ಲ."

ನನಗೆ ಅದೇ ಬೇಕಾಗಿತ್ತು. ಕೈಯಲ್ಲಿದ್ದ ಸ್ಪ್ಯಾನರಿನಿಂದಲೇ ತೋರಿಸಿದೆ. "ಮುಂದಿನ ಬ್ರೇಕಲ್ಲಿ ಒಂದು ಬೋಲ್ಟು ಬೇರೆ ಥರ ಇದೆ. ಅದಕ್ಕೇನ್ ಹೇಳ್ತೀಯ?"

ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. "ಬೆಳ್ಳಿ ಬಣ್ಣದ್ದು. ನಾನೇ ಹಾಕಿದ್ದು. ನೀನು ಹಾಕಿದ್ರಲ್ಲಿ ಒಂದರ ತಿರುಪಿನ ಸುತ್ತು ಕೆಟ್ಟು ಲೊಡಲೊಡ ಅಂತಿತ್ತು. ಬೆಟ್ಟದ ಕೆಳಗೆ ವ್ಯಾನ್ ನಿಲ್ಲಿಸಿ ನೋಡ್ದೆ, ನನ್ನ ಡಬ್ಬಿಯಿಂದ ಒಂದು ತೆಗೆದು ಹಾಕ್ದೆ. ಅವತ್ತೇ ಪೊಲೀಸರಿಗೆ ಹೇಳಿದೀನಿ. ಅವರ ಕಾಗದದಲ್ಲಿ ಬರೆದಿದೆ, ನೋಡ್ಕೋ."

"ನೋಡೇ ನೋಡ್ತೀನಿ."

"ನೋಡು." ಹೋಗಲು ತಿರುಗಿದವನು ನಿಂತ. "ಆ ಹುಡುಗಿ ಓಡಿಸ್ತಾಳಂತಲ್ಲ. ಅವಳು ಹೊರದೇಶದಲ್ಲಿ ಎಲ್ಲಾದ್ರೂ ಓಡಿಸಿದಾಳಾ? ಫ್ರಾನ್ಸ್ ಕಡೆ?"

"ನಿನಗ್ಯಾಕೆ?"

"ಸುಮ್ನೆ ಕೇಳ್ದೆ."

"ಇಲ್ಲ. ನಾನೇ ಕಲಿಸಿದ್ದು, ಇಲ್ಲೇ."

"ಹಾಗಾದ್ರೆ ತೊಂದ್ರೆ ಇಲ್ಲ," ಅಂದು ಹೊರಟುಹೋದ.

ತೊಂದರೆ ಇಲ್ಲ ಅಂದರೆ ಏನು? ಅವನಿಗೇನು ಗೊತ್ತು ತೊಂದರೆ ಯಾವುದು ಅಂತ? ಕೊಂದವನೇ ಬಂದು ಭಾಗ ಕೊಟ್ಟು ಹೋಗುವುದು ಅಂದರೆ ಅದರಲ್ಲಿ ಏನೋ ಕಿತಾಪತಿ ಇರಲೇಬೇಕು. ಆ ಪೆಟ್ಟಿಗೆಯನ್ನು ನಾನು ಕೈಗವಸು ಹಾಕಿಕೊಂಡು ತೆರೆದೆ. ಮತ್ತೆ ಫೋಟೋ ತೆಗೆದೆ.

ಒಳಗೆ ಎರಡು ಬ್ರೇಕು, ಬಿಚ್ಚಿ ಎಸೆದ ಹಾಗೆಯೇ. ಕೈಯಲ್ಲಿ ಒತ್ತುವ ಲಿವರು, ಎಣ್ಣೆ ಹರಿಯುವ ಪೈಪು, ಕೆಳಗಿನ ಕ್ಯಾಲಿಪರು, ಮೂರೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಗಿಡ್ಡ ಪೈಪಿನದು ಮುಂದಿನ ಚಕ್ರಕ್ಕೆ, ಉದ್ದ ಪೈಪಿನದು ಹಿಂದಿನದಕ್ಕೆ. ಬೆಂಚಿನ ಮೇಲೆ ಎರಡನ್ನೂ ಚಾಚಿ ಇಟ್ಟೆ. ಗಿಡ್ಡ ಪೈಪಿನ ತುದಿಗಿದ್ದದ್ದು ಎಡಗೈಯ ಲಿವರು.

ಮೊದಲು ನನಗೇ ತಪ್ಪಿತೇನೋ ಅಂದುಕೊಂಡೆ. ಕೈಯಲ್ಲಿ ಹಿಡಿದು ನೋಡಿದೆ. ಎಡಗೈಯದೇ. ನಮ್ಮ ದೇಶದಲ್ಲಿ ಬಲಗೈ ಒತ್ತಿದರೆ ಮುಂದಿನ ಚಕ್ರ ನಿಲ್ಲುತ್ತದೆ, ಎಡಗೈ ಒತ್ತಿದರೆ ಹಿಂದಿನದು. ಕಡಲು ದಾಟಿದರೆ ಉಲ್ಟಾ. ಅಣ್ಣನ ಈ ಬ್ರೇಕು ಫ್ರೆಂಚರ ಪದ್ಧತಿಯಲ್ಲಿತ್ತು. ತಂಡದ ಮೆಕ್ಯಾನಿಕ್ಕು ಅವರಿಗೆ ಗೊತ್ತಿದ್ದ ಹಾಗೆ ಕೂರಿಸಿದ್ದ, ಅಣ್ಣ ಒಂದಿಡೀ ವರ್ಷ ಹಾಗೇ ಓಡಿಸಿ ಬೆರಳಿಗೆ ರೂಢಿ ಮಾಡಿಕೊಂಡಿದ್ದ. ನಾನು ಹಾಕಿದ ಹೊಸ ಜೋಡಿ ನಮ್ಮ ಪದ್ಧತಿಯದು. ಬಲಗೈಗೆ ಗಿಡ್ಡ ಪೈಪು ಅಂತ ಪೆಟ್ಟಿಗೆಯಲ್ಲೇ ಸಿದ್ಧವಾಗಿ ಬಂದಿತ್ತು.

ಸ್ಟೂಲಿನ ಮೇಲೆ ಕೂತೆ. ಕೂತವನಿಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಇದು ಮರ್ಡೊನ ಕೈವಾಡ. ಮನೆಯಲ್ಲಿ ಕೂತು ಪೈಪುಗಳನ್ನು ಅದಲುಬದಲು ಮಾಡಿ ತಂದಿದ್ದಾನೆ, ತಪ್ಪನ್ನು ನನ್ನ ತಲೆಗೆ ಕಟ್ಟಲು. ಮತ್ತೆ ಎದ್ದು ಪೈಪು ಲಿವರಿಗೆ ಸೇರುವ ನಟ್ಟನ್ನು ಭೂತಗನ್ನಡಿಯಲ್ಲಿ ನೋಡಿದೆ. ತಂಡದ ಮೆಕ್ಯಾನಿಕ್ಕುಗಳು ನಟ್ಟು ಬಿಗಿದ ಮೇಲೆ ಅದರ ಮೇಲೂ ಲಿವರಿನ ಮೇಲೂ ಹಾಯುವ ಹಾಗೆ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿದು ಗೊತ್ತಾಗುತ್ತದೆ. ಹಳದಿ ಗೆರೆ ಎರಡು ಕಡೆಯೂ ನೇರವಾಗಿತ್ತು, ಅದರ ಮೇಲೆ ಹಳೇ ಎಣ್ಣೆಯ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಯಾರೂ ಬಿಚ್ಚಿರಲಿಲ್ಲ.

ಗೆರೆಯನ್ನೂ ಹೊಸದಾಗಿ ಎಳೆಯಬಹುದಲ್ಲ, ಅಂತ ಇನ್ನೂ ವಾದ ಮಾಡುತ್ತಿದ್ದೆ, ಶೆಡ್ಡಿನಲ್ಲಿ ಒಬ್ಬನೇ. ಆಗ ಅಮ್ಮನ ಅಡುಗೆಮನೆಯ ಗೋಡೆಯ ಫೋಟೋ ನೆನಪಾಯಿತು. ಅಣ್ಣ ಸತ್ತ ವರ್ಷದ ಬೇಸಿಗೆಯಲ್ಲಿ ಫ್ರೆಂಚ್ ಪತ್ರಿಕೆಯೊಂದರಲ್ಲಿ ಬಂದದ್ದನ್ನು ಕತ್ತರಿಸಿ ಕಟ್ಟು ಹಾಕಿಸಿದ್ದು. ಅವನು ಸೈಕಲ್ಲಿನ ಸಮೇತ ಗಾಳಿಯಲ್ಲಿದ್ದಾನೆ, ಮುಖ ನಮ್ಮ ಕಡೆ. ಗೆರೆ ಎಳೆಯಬಹುದು, ಆ ಫೋಟೋ ತಿದ್ದಲು ಮರ್ಡೊನಿಂದ ಆಗದು.

ಮಧ್ಯಾಹ್ನ ಅಮ್ಮ ಒಲೆಯ ಮುಂದೆ ಜವೆಗೋಧಿಯ ಸೂಪು ಕಲಕುತ್ತಿದ್ದಳು. ನಾನು ಕೋಟು ತೆಗೆಯದೆ ನೇರ ಫೋಟೋದ ಮುಂದೆ ಹೋಗಿ ನಿಂತೆ. ಗಿಡ್ಡ ಪೈಪು ಸ್ಪಷ್ಟವಾಗಿ ಕಾಣುತ್ತಿತ್ತು. ಅಣ್ಣನ ಎಡಗೈಯಿಂದ ಹೊರಟು ಫೋರ್ಕಿನ ಪಕ್ಕ ಹಾದು ಮುಂದಿನ ಚಕ್ರಕ್ಕೆ ಇಳಿದಿತ್ತು. ಇಪ್ಪತ್ತೈದು ವರ್ಷ ಆ ಫೋಟೋದ ಕೆಳಗೆ ಕೂತು ಉಂಡಿದ್ದೇನೆ.

ಹಿಂದಿನಿಂದ ಸೌಟಿನ ಸದ್ದು ನಿಂತಿತು.

"ಮರ್ಡೊ ಪೆಟ್ಟಿಗೆ ತಂದ್ಕೊಟ್ನಾ?" ಅಂದಳು ಅಮ್ಮ.

ತಿರುಗಿ ನೋಡಿದೆ. ಅವಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ನಿನಗೆ ಗೊತ್ತಿತ್ತು," ಅಂದೆ.

"ಕೂತ್ಕೋ ಟಾರ್ಕಿಲ್."

"ಯಾವಾಗಿಂದ?"

"ಮಣ್ಣು ಮಾಡಿದ ದಿನದಿಂದ. ಎಲ್ಲ ಹೋದ್ಮೇಲೆ ಮರ್ಡೊ ಬಂದ. ಬಿದ್ದ ಸೈಕಲ್ಲನ್ನ ಎತ್ತಿದವನು ಅವನೇ ಅಲ್ವಾ, ಎತ್ತುವಾಗ ಬ್ರೇಕ್ ಒತ್ತಿ ನೋಡಿದನಂತೆ. ಕೈ ಅದಲುಬದಲಾಗಿದೆ ಅಂತ ಆಗಲೇ ತಿಳೀತಂತೆ. ಪೊಲೀಸರು ಕೇಳಿದ್ದಕ್ಕೆ ಉತ್ತರ ಕೊಟ್ಟಿದೀನಿ, ಇದನ್ನ ಅವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ, ಹೇಳೋದಾ ಬೇಡ್ವಾ ನೀವೇ ಹೇಳಿ ಅಂದ. ನಾನು ಬೇಡ ಅಂದೆ. ನಿನಗೆ ಹತ್ತೊಂಬತ್ತು ವರ್ಷ. ಆ ವಾರ ನೀನು ಊಟ ಮಾಡ್ತಿರ್ಲಿಲ್ಲ, ಹೊಳೆ ಹತ್ರ ಹೋಗಿ ನಿಂತ್ಕೋತಿದ್ದೆ. ಇದನ್ನ ಹೇಳಿದ್ರೆ ನೀನು ಉಳೀತಿರ್ಲಿಲ್ಲ. ಇನ್ನೊಬ್ಬ ಮಗನ್ನ ಹೂಳೋ ಶಕ್ತಿ ನನಗಿರ್ಲಿಲ್ಲ."

"ನಾನು ಅವನ ಮೇಲೆ ಏನೇನ್ ಹೇಳ್ದೆ ಗೊತ್ತಲ್ಲ. ಇದೇ ಮೇಜಲ್ಲಿ ಕೂತು ಹೇಳ್ದೆ. ನೀನು ಸೂಪು ಬಡಿಸ್ತಾ ಕೇಳ್ತಿದ್ದೆ."

"ಹೂಂ, ಕೇಳ್ತಿದ್ದೆ. ಯಾರನ್ನಾದ್ರೂ ಬೈಕೊಂಡು ನೀನು ಬದುಕಿರ್ತೀಯ ಅಂದ್ರೆ ಬೈಕೊಳ್ಳಲಿ ಅಂದ್ಕೊಂಡೆ. ಒಂದು ವರ್ಷಕ್ಕೆ ನಿಲ್ಲುತ್ತೆ ಅಂದ್ಕೊಂಡೆ. ನೀನು ನಿಲ್ಲಿಸ್ಲಿಲ್ಲ."

"ಅವನು ಫ್ರಾನ್ಸಿಗೆ ಹೋದದ್ದು?"

"ತಂಡದೋರು ಕರೆದ್ರು. ಹೋಗಲ್ಲ ಅಂದ. ಊರಲ್ಲಿ ಯಾರೂ ಮಾತಾಡಿಸದೇ ಇದ್ದಾಗ ಹೋದ. ಅಲ್ಲೂ ಮನಸ್ಸು ನಿಲ್ಲಲಿಲ್ಲ." ಅಮ್ಮ ನನ್ನ ಎದುರಿಗೆ ಕೂತಳು. "ಹೊಸ ವರ್ಷದ ದಿನ ನಾನು ಕೇಕ್ ಕಟ್ಕೊಂಡು ಹೋಗ್ತೀನಲ್ಲ, ಚರ್ಚಿನ ಗೆಳತಿ ಮನೆಗೆ ಅಂತ ನಿನಗೆ ಹೇಳ್ತೀನಲ್ಲ, ಅದು ಮರ್ಡೊ ಮನೆಗೆ. ಮೊದಲ ಮೂರು ವರ್ಷ ಅವನು ಬಾಗಿಲು ತೆಗೀಲಿಲ್ಲ. ಈಗ ಟೀ ಕೊಡ್ತಾನೆ."

ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಎಷ್ಟು ಅಂತ ಹೇಳಲಾರೆ. ಆ ಸಿಟ್ಟಿನ ಅಡಿಯಲ್ಲೇ, ನಾಚಿಕೆಯಾಗುತ್ತದೆ ಹೇಳಲು, ಒಂದು ಅನುಮಾನ ತಲೆ ಎತ್ತಿತು: ಮರ್ಡೊ ಈಗಲೇ ಯಾಕೆ ಕೊಟ್ಟ? ಅದನ್ನೂ ಕೇಳಿದೆ.

"ಊನಾಗೆ ನೀನು ಮಾತು ಕೊಟ್ಟಿದೀಯ ಅಂತ ಅವಳೇ ನನ್ಹತ್ರ ಹೇಳಿದ್ಲು. ನೀನು ಏನಾದ್ರೊಂದು ಹುಡುಕಿ ಅವಳ ಕೈಗೆ ಕೊಡ್ತೀಯ ಅಂತ ನನಗೆ ಗೊತ್ತಿತ್ತು. ನಾನೇ ಮರ್ಡೊಗೆ ಹೇಳ್ದೆ, ಇನ್ನು ಕೊಟ್ಬಿಡು ಅಂತ. ನನಗೂ ಎಂಬತ್ತಾಯ್ತು." ನನ್ನ ಕೈ ಮೇಲೆ ಕೈ ಇಟ್ಟಳು. ನಾನು ಎಳೆದುಕೊಂಡೆ. "ಊನಾಗೆ ಏನ್ ಹೇಳ್ತೀಯೋ ಅದು ನಿನ್ನ ಇಷ್ಟ. ಹಳೇ ಸಾಮಾನು, ಏನೋ ಸವೆದಿತ್ತು ಅಂತ ಹೇಳಿದ್ರೂ ನಾನು ಬಾಯಿ ಬಿಡಲ್ಲ. ಮರ್ಡೊನೂ ಬಿಡಲ್ಲ. ಇಷ್ಟು ವರ್ಷ ಬಿಟ್ಟಿಲ್ಲ."

ಸೂಪು ಮುಟ್ಟದೆ ಎದ್ದು ಬಂದೆ.

ಎರಡು ವಾರ ಕೆಲಸದಲ್ಲಿ ಮುಳುಗಿದೆ. ಹೊಸ ಬೇರಿಂಗು ಕೂರಿಸಿದೆ, ಫೋರ್ಕಿಗೆ ಎಣ್ಣೆ ತುಂಬಿದೆ, ಮೆತ್ತಗೇ ಉಳಿದಿದ್ದ ಹಳೇ ಸೀಲುಗಳನ್ನು ನಾನು ಹಾಕಿದ್ದ ಬ್ರೇಕಿಗೆ ಸೇರಿಸಿದೆ, ಚಕ್ರಗಳ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ನೇರ ಮಾಡಿದೆ. ಕೈ ಕೆಲಸ ಮಾಡುತ್ತಿದ್ದರೆ ತಲೆ ಆ ಬೆಳಗ್ಗೆಯನ್ನೇ ತಿರುಗಿ ತಿರುಗಿ ಜೋಡಿಸುತ್ತಿತ್ತು. ಬೆಟ್ಟದ ಕೆಳಗೆ ಅಣ್ಣ ಎರಡೂ ಲಿವರು ಒತ್ತಿ ನೋಡಿರುತ್ತಾನೆ. ಎರಡೂ ಗಟ್ಟಿ, ಹೊಸದು, ತಮ್ಮ ಒಳ್ಳೆ ಕೆಲಸ ಮಾಡಿದ್ದಾನೆ ಅಂದುಕೊಂಡಿರುತ್ತಾನೆ. ಬೆಟ್ಟದ ತುದಿಗೆ ಒಯ್ಯುವ ಲಿಫ್ಟಿನಿಂದ ಇಳಿದು ಕರಿಬಂಡೆಯ ತನಕ ಬ್ರೇಕು ಹಿಡಿಯುವ ಅಗತ್ಯವೇ ಇಲ್ಲ, ತುಳಿದುಕೊಂಡು ಹೋಗುವುದೇ. ಬಂಡೆಯ ಅಂಚಿನಲ್ಲಿ ಹಿಂದಿನ ಚಕ್ರವನ್ನು ಮಾತ್ರ ತುಸು ಹಿಡಿಯಬೇಕು. ಫ್ರಾನ್ಸಿನಲ್ಲಿ ವರ್ಷವಿಡೀ ಹಿಂದಿನ ಚಕ್ರ ಹಿಡಿದ ಬಲಗೈ ಬೆರಳು ತಾನಾಗಿಯೇ ಒತ್ತಿತು. ನಿಂತದ್ದು ಮುಂದಿನ ಚಕ್ರ.

ಅವನು ಎದ್ದ ಮೇಲೆ ಬ್ರೇಕು ಬದಲಿಸಿದ್ದೇನೆ ಅಂತ ಒಂದು ಮಾತು ಹೇಳಿದ್ದೆ. ಯಾವ ಕೈಗೆ ಯಾವುದು ಅಂತ ಹೇಳಲಿಲ್ಲ. ನಮ್ಮಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಹಳೇದನ್ನು ಬಿಚ್ಚುವಾಗ ನನ್ನ ಕೈಯಲ್ಲೇ ಇತ್ತು, ಎಡಗೈಯ ಲಿವರು, ಗಿಡ್ಡ ಪೈಪು. ರೇಡಿಯೋ ಹಾಕಿಕೊಂಡು, ಅಣ್ಣ ಎದ್ದು ನೋಡಿ ಬೆನ್ನು ತಟ್ಟುತ್ತಾನೆ ಅನ್ನೋ ಆಸೆಯಲ್ಲಿ ಅವಸರ ಮಾಡುತ್ತಿದ್ದೆ. ಯಾವ ಕೈಯದು ಅಂತ ನಾನು ನೋಡಲಿಲ್ಲ.

ಬೆಳ್ಳಿ ಬಣ್ಣದ ಬೋಲ್ಟು ಬೆಂಚಿನ ಮೇಲೆ ಒಂದು ಮುಚ್ಚಳದಲ್ಲಿ ಇತ್ತು. ಎಷ್ಟು ಸುಲಭ ಅನ್ನಿ. ಮರ್ಡೊ ಬದಲಿಸಿದ ಬೋಲ್ಟು ಇದು, ಇದೇ ಕಾರಣ, ಅಂತ ಊನಾಳ ಕೈಗೆ ಇಟ್ಟರೆ ಮುಗಿಯಿತು. ಅವನು ಅದನ್ನೂ ಹೊತ್ತುಕೊಳ್ಳುತ್ತಿದ್ದ. ಆ ಎರಡು ವಾರ ನಾನು ಒಂದೊಂದು ದಿನ ಹಾಗೇ ಹೇಳಿಬಿಡುವುದು ಅಂತ ನಿರ್ಧಾರ ಮಾಡಿದ್ದೇನೆ. ಊನಾ ನನ್ನನ್ನು ಬಿಟ್ಟು ಹೋದರೆ ನನಗೆ ಯಾರಿದ್ದಾರೆ?

ಆಗಸ್ಟಿನ ಕೊನೆಯ ಭಾನುವಾರ ಸಂಜೆ ಅವಳು ಬಂದಳು. ಬ್ರೇಕು ಒಂದು ಬಿಟ್ಟು ಸೈಕಲ್ಲು ಸಿದ್ಧವಾಗಿತ್ತು. ಅವಳು ಅದರ ಸುತ್ತ ಒಂದು ಸುತ್ತು ಹಾಕಿ, ಸೀಟಿನ ಮೇಲೆ ಅಂಗೈ ಇಟ್ಟು ನಿಂತಳು.

"ಚೆನ್ನಾಗಿದೆ ಚಿಕ್ಕಪ್ಪ. ನಿಜವಾಗ್ಲೂ ಚೆನ್ನಾಗಿದೆ." ಆಮೇಲೆ, "ಏನ್ ಸಿಕ್ತು?"

"ಒಂದು ಬೋಲ್ಟ್ ಬೇರೆ ಥರ ಇತ್ತು," ಅಂದೆ. ಮುಚ್ಚಳ ಎತ್ತಿ ಕೊಟ್ಟೆ. "ಅದನ್ನ ಹಾಕಿದ್ದು ಮರ್ಡೊ."

ಅವಳು ಬೋಲ್ಟನ್ನು ಬೆಳಕಿಗೆ ಹಿಡಿದಳು. ಅವಳ ದವಡೆ ಬಿಗಿಯಾಯಿತು, ಅಣ್ಣನದೇ ದವಡೆ. "ಅಂದ್ರೆ ಅವರೇ ಮಾಡಿದ್ದು?"

ಹೂಂ ಅನ್ನಲು ಬಾಯಿ ತೆರೆದೆ.

"ಅಲ್ಲ," ಅಂದೆ. "ಅವನು ಹಾಕಿದ ಬೋಲ್ಟು ಸರಿಯಾಗಿತ್ತು. ನಾನು ಹಾಕಿದ್ದು ಸಡಿಲವಾಗಿತ್ತು, ಅವನು ಸರಿ ಮಾಡಿದ್ದ. ಊನಾ, ಇಲ್ಲಿ ಬಾ."

ಹಳೇ ಬ್ರೇಕು ಬೆಂಚಿನ ಮೇಲೆ ಚಾಚಿ ಇಟ್ಟಿದ್ದೆ. ಪಕ್ಕದಲ್ಲಿ ನಾನು ಹಾಕಿದ್ದನ್ನು ಇಟ್ಟೆ. ಹೇಳುವುದಕ್ಕೆ ಬಹಳ ಮಾತು ಬೇಕಾಗಲಿಲ್ಲ. ಅವಳು ಈ ಕೆಲಸ ಬಲ್ಲವಳು, ನಾನೇ ಕಲಿಸಿದ್ದು. ಗಿಡ್ಡ ಪೈಪನ್ನು ಹಿಡಿದು ಲಿವರಿನ ತನಕ ಬೆರಳು ಓಡಿಸಿದಳು, ಇನ್ನೊಂದರ ಮೇಲೂ ಓಡಿಸಿದಳು. ಬೆರಳು ಅಲ್ಲೇ ನಿಂತಿತು.

"ಇದನ್ನ ಹಾಕಿದ್ದು ಯಾರು?"

"ನಾನು."

"ಅಪ್ಪನಿಗೆ ಹೇಳಿದ್ಯಾ, ಕೈ ಬದಲಾಗಿದೆ ಅಂತ?"

"ನನಗೇ ಗೊತ್ತಿರ್ಲಿಲ್ಲ. ನಾನು ನೋಡ್ಲಿಲ್ಲ."

ಅವಳು ಲಿವರಿನ ಮೇಲಿಂದ ಬೆರಳು ತೆಗೆದಳು. ಅತ್ತಿದ್ದರೆ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮರ್ಡೊ ಅವರಿಗೆ ಗೊತ್ತಿತ್ತಾ?"

"ಮೊದಲಿಂದ. ನಿಮ್ಮಜ್ಜಿಗೂ. ನನ್ನ ಉಳಿಸೋಕೆ ಅಂತ ಇಬ್ರೂ ಬಾಯಿ ಮುಚ್ಕೊಂಡ್ರು."

"ನಾನು ಅವರ ಮನೆ ಬಾಗಿಲಿಗೆ ಕೊಲೆಗಾರ ಅಂತ ಬರೆದಿದ್ದೆ," ಅಂದಳು. "ಹದಿನಾಲ್ಕು ವರ್ಷ ಇದ್ದಾಗ. ಬಣ್ಣದ ಡಬ್ಬಿ ಇಲ್ಲಿಂದಲೇ ತಗೊಂಡ್ ಹೋಗಿದ್ದೆ. ನಿನಗೆ ಹೇಳಿರ್ಲಿಲ್ಲ. ಅವರು ಬಾಗಿಲು ತೆಗೆದು ನನ್ನ ನೋಡಿದ್ರು, ಏನೂ ಅನ್ಲಿಲ್ಲ. ಬಟ್ಟೆ ತಂದು ಒರೆಸಿಕೊಂಡ್ರು."

ನಾನು ಅವಳ ಭುಜಕ್ಕೆ ಕೈ ಚಾಚಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಇನ್ನೊಂದು ಕೈಯಲ್ಲಿ ಅಲೆನ್ ಕೀ ಇತ್ತು, ಬ್ರೇಕು ಕೂರಿಸಲು ಹಿಡಿದುಕೊಂಡದ್ದು. ಅದನ್ನು ಮೆಲ್ಲಗೆ ಬೆರಳುಗಳಿಂದ ಬಿಡಿಸಿಕೊಂಡಳು.

"ಬ್ರೇಕು ನಾನೇ ಕೂರಿಸ್ಕೋತೀನಿ," ಅಂದಳು. "ನೀನು ಇದನ್ನ ಇನ್ನು ಮುಟ್ಬೇಡ. ಮರ್ಡೊ ಅವರ ಮನೆಗೆ ಹೋಗು. ಇವತ್ತೇ ಹೋಗು."

"ನೀನೂ ಬರ್ತೀಯಾ?"

"ನಾನು ನಾಳೆ ಹೋಗ್ತೀನಿ. ನಂದು ನಾನು ಹೇಳ್ಬೇಕು, ನಿಂದು ನೀನು."

ಅವಳು ನನಗೆ ಬೆನ್ನು ಮಾಡಿ, ಮುಂದಿನ ಕ್ಯಾಲಿಪರನ್ನು ಫೋರ್ಕಿನ ಪಕ್ಕ ಹಿಡಿದು ಬೋಲ್ಟು ತೂರಿಸತೊಡಗಿದಳು. ನಾನು ಕೋಟು ಹಾಕಿಕೊಂಡು ಹೊರಗೆ ಬಂದೆ. ಮರ್ಡೊನ ಮನೆ ನಾಲ್ಕು ಮೈಲಿ. ಕಾರಿನ ಕೀಲಿ ಜೇಬಿನಲ್ಲೇ ಇತ್ತು, ಆದರೂ ನಡೆದೇ ಹೊರಟೆ; ಅವನು ಬಾಗಿಲು ತೆಗೆದರೆ ಮೊದಲು ಏನು ಹೇಳಬೇಕು ಅಂತ ಯೋಚಿಸಲು ಅಷ್ಟು ದೂರವಾದರೂ ನನಗೆ ಬೇಕಾಗಿತ್ತು.